ಎಷ್ಟು ಮಕ್ಕಳು ಮಲಗಿದ ತೊಟ್ಟಿಲು?

ಸಾನ್ವಿ, ಶ್ರೀಶೈಲ, ನೀವಿಬ್ಬರೂ ರಜೆ ಮುಗಿಸಿ ಬಸವನ ಬಾಗೇವಾಡಿಯ ಅತ್ತೆಯ ಮನೆಯಿಂದ ಬಂದ ಕೂಡಲೇ ಕೇಳುವ ಮೊದಲ ಪ್ರಶ್ನೆ ನನಗೆ ಗೊತ್ತು. "ಆಯಿ, ತೊಟ್ಟಲಾ ಒಯ್ಯಾಕ ಬರ್ತಾರ ಅಂದಿದ್ದಿ, ಮತ್ತ ಅಟ್ಟದ ಮ್ಯಾಲ ಯಾಕೈತಿ?"

ಎದುರಿಗೆ ಕೇಳಿದರೆ ನಾನು, ನಿಮ್ಮ ಅಜ್ಜಿ, ಉತ್ತರ ಕೊಡುವುದಿಲ್ಲ. ಅಡುಗೆಮನೆಗೆ ಹೋಗಿ, ಆಗಲೇ ಕಾಯ್ದ ಹಾಲನ್ನು ಮತ್ತೊಮ್ಮೆ ಕಾಯಿಸುತ್ತೇನೆ. ಮುದ್ದೇಬಿಹಾಳ ಕಡೆಯ ಹಳ್ಳಿ ಸಾಲೆಯಲ್ಲಿ ಏಳನೆಯವರೆಗೆ ಓದಿದವಳು ನಾನು. ಅಲ್ಲಿಯೂ ಮಾಸ್ತರರು ಪ್ರಶ್ನೆ ಕೇಳಿದರೆ ಉತ್ತರ ಪಾಟಿಯ ಮೇಲೆ ಬರೆದು ತೋರಿಸುತ್ತಿದ್ದೆ, ಬಾಯಿ ತೆರೆಯುತ್ತಿರಲಿಲ್ಲ. ಅಂಥವಳು ಈಗ ವಾರಕ್ಕೊಮ್ಮೆ ಪತ್ರಿಕೆಯ ಈ ಅಂಕಣದಲ್ಲಿ ಇಡೀ ಜಿಲ್ಲೆಯ ಮುಂದೆ ನಿಮ್ಮ ಹೆಸರು ಹಿಡಿದು ಮಾತಾಡುತ್ತೇನೆ. ವಿಚಿತ್ರ ಅಲ್ಲವೇ? (ಕಾಗದಕ್ಕೆ ಕಣ್ಣು ಇರುವುದಿಲ್ಲ. ಧೈರ್ಯ ಅಲ್ಲಿಂದ ಬರುತ್ತದೆ.)

ಈ ಪುಟ ಓದುವ ಉಳಿದವರಿಗೂ ಒಂದು ಮಾತು. ಈ ವಾರ ನಗುವಂಥದ್ದು ಏನೂ ಇಲ್ಲ. ಬೇಕಾದವರು ಇಲ್ಲಿಗೇ ಬಿಟ್ಟು ಮುಂದಿನ ಪುಟಕ್ಕೆ ಹೋಗಬಹುದು.

ಹೋದ ರವಿವಾರ ಸಿಂದಗಿಯಿಂದ ತಾಯಿ, ಮಗಳು ಇಬ್ಬರು ನಮ್ಮ ಮನೆಗೆ ಬಂದರು. ಮಗಳು ಏಳು ತಿಂಗಳ ಬಸುರಿ. ತವರಿನಿಂದ ತೊಟ್ಟಿಲು ಕೊಡಬೇಕಲ್ಲ, ಅದಕ್ಕಾಗಿ ನಮ್ಮ ತೊಟ್ಟಿಲು ನೋಡಲು ಬಂದವರು. ಬಸ್ಸಿನಲ್ಲಿ ಬಂದಿದ್ದರು. ಮನಸ್ಸಿಗೆ ಬಂದರೆ ಇಲ್ಲಿ ನಮ್ಮ ಇಂಡಿಯಲ್ಲೇ ಒಂದು ಗಾಡಿ ಹೇಳಿ ಒಯ್ಯುವ ವಿಚಾರ.

ನಿಮ್ಮ ಅಪ್ಪ ತೊಟ್ಟಿಲಿನ ಫೋಟೋ ತೆಗೆದು ಯಾವುದೋ ವಾಟ್ಸಾಪ್ ಗ್ರೂಪಿಗೆ ಹಾಕಿದ್ದ. "ಬೇಕಾದವರು ಒಯ್ಯಬಹುದು, ಪುಕ್ಕಟೆ" ಎಂದು ಬರೆದಿದ್ದ. ನಮ್ಮ ಕಡೆ ತೊಟ್ಟಿಲನ್ನು ಮಾರುವುದಿಲ್ಲ. ಒಯ್ಯುವವರು ರವಿಕೆಗೆಂದು ಒಂದು ಕುಬಸದ ಕಣ, ಒಂದು ಕಾಯಿ, ಒಂದು ಹಿಡಿ ಜೋಳ ತಂದು ತೊಟ್ಟಿಲಿನಲ್ಲಿ ಇಡುತ್ತಾರೆ. ಆಮೇಲೆ ಎತ್ತುತ್ತಾರೆ. ಖಾಲಿ ತೊಟ್ಟಿಲನ್ನು ಎತ್ತಬಾರದು.

ಯಾಕೆ ಕೊಡಲು ಹೊರಟೆವು ಎಂದು ಕೇಳಬೇಡಿ. ಕೇಳಿದರೂ ಸರಿ, ಹೇಳುತ್ತೇನೆ. ಒಂದು ದಿನ ಮುಂಜಾನೆ ನಿಮ್ಮ ಅವ್ವ ಸುಜಾತಾ (ನೀವು ಮಮ್ಮಿ ಅನ್ನುತ್ತೀರಿ, ನನಗೆ ಅದು ಬರೆಯಲು ಬರುವುದಿಲ್ಲ) ಪಡಸಾಲೆ ಗುಡಿಸುತ್ತಿದ್ದಳು. ತೊಟ್ಟಿಲಿನ ಸುತ್ತ ಗುಡಿಸಿದಳು. ಮತ್ತೆ ಗುಡಿಸಿದಳು. ಮೂರನೆಯ ಸಲವೂ ಅಲ್ಲೇ. ಆಮೇಲೆ ಕಸಬರಿಗೆ ಗೋಡೆಗೆ ಆನಿಸಿ ನನ್ನ ಹತ್ತಿರ ಬಂದಳು.

"ಅತ್ತಿ, ಇದನ್ನ ಯಾರಿಗರೆ ಕೊಟ್ಟಬಿಡೂಣು. ನನಗ ನೋಡಾಕ ಆಗವಲ್ದು. ಆದ್ರ ಕಸಕ್ಕ ಮಾತ್ರ ಒಗಿಯೂದ ಬ್ಯಾಡ. ಒಂದ್ ಕೂಸು ಮಲಗೂ ಮನಿಗಿ ಹೋಗಲಿ."

ಇಷ್ಟೇ ಅವಳು ಕೇಳಿದ್ದು. ಒಂದು ಕೂಸು ಮಲಗುವ ಮನೆ. ಇದು ದೊಡ್ಡ ಬೇಡಿಕೆಯೇ?

ಸಿಂದಗಿಯ ತಾಯಿ ತೊಟ್ಟಿಲಿನ ಸುತ್ತ ಒಂದು ಸುತ್ತು ಬಂದಳು. ಬೆರಳಿನಿಂದ ಹಲಗೆ ಬಡಿದು ನೋಡಿದಳು. ಒಮ್ಮೆ ತೂಗಿದಳು. ಸಪ್ಪಳ ಬರಲಿಲ್ಲ.

"ಕಟ್ಟಿಗಿ ಭಾಳ ಛಲೋ ಐತ್ರಿ ಯಕ್ಕಾರ. ಸಾಗವಾನಿ ಏನ್ರಿ?"

"ಅಲ್ರಿ. ಮಶೀನ ಕಟ್ಟಿ ಕಳಿಸೂ ಖೋಕೆದ ಹಲಗಿ," ಅಂದೆ. "ನಮ್ಮ ಮನಿಯವ್ರು ಮಸ್ಕತ್ತನ್ಯಾಗ ಇದ್ದಾಗ ಮಾಡಿದ್ದು. ಕಸದಾಗ ಸಿಕ್ಕಿದ್ದು."

ಮಗಳಿಗೆ ನಗು ಬಂತು. "ಯವ್ವಾ, ಕಸದಾಗ ಇಂಥಾದ್ದ ಸಿಗತೈತಂದ್ರ ನಡಿ, ನಾವೂ ಪರದೇಶಕ್ಕ ಹೋಗೂಣು."

"ನೀ ಮದಲ ನೆಟ್ಟಗ ಹಡಿ. ಆಮ್ಯಾಲ ಪರದೇಶ," ಅಂದಳು ತಾಯಿ.

ಎಲ್ಲ ಚೆನ್ನಾಗಿಯೇ ನಡೆದಿತ್ತು. ತಾಯಿ ಚೀಲದ ಬಾಯಿ ಬಿಚ್ಚಿದಳು. ಹಸಿರು ಕಣ, ಕಾಯಿ ನನಗೆ ಕಂಡವು. ಆಗ ಅವಳು ಕೇಳಿದಳು. ನನಗೆ ಗೊತ್ತಿತ್ತು, ಕೇಳಿಯೇ ಕೇಳುತ್ತಾಳೆ. ನಮ್ಮ ನಾಡಿನಲ್ಲಿ ತೊಟ್ಟಿಲು ಒಯ್ಯುವ ಯಾವ ತಾಯಿಯೂ ಈ ಪ್ರಶ್ನೆ ಕೇಳದೆ ಒಯ್ಯುವುದಿಲ್ಲ.

"ಅಂದಂಗ ಯಕ್ಕಾರ, ಇದರಾಗ ಎಷ್ಟ್ ಮಕ್ಕಳು ಮಲಗ್ಯಾವ್ರಿ?"

ಮಕ್ಕಳೇ, ಈ ಪ್ರಶ್ನೆಗೆ ಒಂದು ಅರ್ಥವಿದೆ. ಹೊಸ ತೊಟ್ಟಿಲಿಗಿಂತ ಮಕ್ಕಳು ಮಲಗಿ ಬೆಳೆದ ತೊಟ್ಟಿಲು ಒಳ್ಳೆಯದು ಎಂದು ನಮ್ಮವರು ನಂಬುತ್ತಾರೆ. ಬೆಳೆದ ಮಕ್ಕಳ ಆಯುಷ್ಯ ಹಲಗೆಗೆ ಅಂಟಿರುತ್ತದೆಯಂತೆ. ಹಾಗೆಯೇ, ಕೂಸು ಕಳೆದುಕೊಂಡ ಮನೆಯ ತೊಟ್ಟಿಲನ್ನು ಯಾರೂ ಮುಟ್ಟುವುದಿಲ್ಲ. ಕೇಳಿದವರಿಗೆ ಸುಳ್ಳು ಹೇಳಬಾರದು. ಇದು ಹಿರಿಯರು ಹಾಕಿಟ್ಟ ಕಟ್ಟಳೆ.

ನಾನು "ನಾಕು" ಅಂದೆ.

ನಿಮ್ಮ ಅಪ್ಪ ಒಂದು. ಬಾಗೇವಾಡಿ ಅತ್ತೆ ಎರಡು. ಸಾನ್ವಿ ಮೂರು. ಶ್ರೀಶೈಲ ನಾಲ್ಕು. ಶ್ರೀಶೈಲ, ನೀನು ಈಗ ಬೆರಳು ಮಡಚಿ ಎಣಿಸುತ್ತಿದ್ದೀಯ. ನಿನ್ನ ಒಂದು ಬೆರಳು ಮಡಚದೆ ಉಳಿದಿದೆ. ನನಗೂ ಗೊತ್ತಪ್ಪ.

ಯಾಕೆ ನಾಲ್ಕು ಅಂದೆ ಎಂದು ಹೇಳಬೇಕಾದರೆ ನಿಮ್ಮನ್ನು ಮಸ್ಕತ್ತಿಗೆ ಕರೆದುಕೊಂಡು ಹೋಗಬೇಕು.

ನಿಮ್ಮ ಅಜ್ಜ ಅಗರಖೇಡದ ಬಡಿಗ. ಕೈ ಚೆನ್ನಾಗಿತ್ತು ಎಂದು ಒಂದು ಕಂಪನಿಯವರು ಕರೆಸಿಕೊಂಡರು, ಎರಡು ಕೋಣೆಯ ಮನೆ ಕೊಟ್ಟರು. ಮನೆ ಅಂದರೆ ಗೋಡೆ ಮತ್ತು ನಲ್ಲಿ. ಒಳಗೆ ಏನೂ ಇಲ್ಲ. ಮೊದಲ ತಿಂಗಳು ಸೂಟ್‌ಕೇಸಿನ ಮೇಲೆ ತಾಟು ಇಟ್ಟುಕೊಂಡು ಉಂಡೆವು.

ಆಗ ನನಗೆ ರಾಬಿಯಾ ಸಿಕ್ಕಳು. ಕೆಳಗಿನ ಮನೆಯವಳು, ನಮ್ಮ ಆಲಮೇಲದವಳೇ, ಗಂಡ ಟೇಲರ್. ಮೆಟ್ಟಿಲಿನ ಮೇಲೆ ನಾನು ಯಾರಿಗೂ ಕೇಳಿಸದಂತೆ ನನ್ನಷ್ಟಕ್ಕೆ ಏನೋ ಗೊಣಗಿಕೊಂಡಿದ್ದೆ. ಹಿಂದಿನಿಂದ ಒಂದು ದನಿ, "ಯವ್ವಾ, ನೀ ನಮ್ಮ ಕಡೆಯಾಕಿ ಏನ?" ಅಷ್ಟು ದೂರದಲ್ಲಿ ಆ ಮಾತು ಕೇಳಿ ನಾನು ಮೆಟ್ಟಿಲ ಮೇಲೆ ಕುಳಿತುಬಿಟ್ಟಿದ್ದೆ.

ಶುಕ್ರವಾರ ಬೆಳಗು ಹರಿಯುತ್ತಲೇ ಬಂದು ಬಾಗಿಲು ಬಡಿಯುತ್ತಿದ್ದಳು. "ಶಾಂತಕ್ಕಾ, ಲಗೂ ಬಾ. ಇವತ್ತ ಬಜಾರ ತುಂಬೈತಿ."

ಅವಳ ಬಜಾರ ಅಂದರೆ ನಮ್ಮ ಕಟ್ಟಡದ ಹಿಂದಿನ ಕಸದ ಡಬ್ಬಿ. ಕಬ್ಬಿಣದ್ದು, ಎಮ್ಮೆಯಷ್ಟು ದೊಡ್ಡದು. ಕೆಲಸ ಬಿಟ್ಟು ತಮ್ಮ ತಮ್ಮ ದೇಶಕ್ಕೆ ಹೊರಟವರು ಒಯ್ಯಲಾಗದ ಸಾಮಾನುಗಳನ್ನು ಡಬ್ಬಿಯ ಪಕ್ಕದ ಗೋಡೆಗೆ ಒರಗಿಸಿ ಇಟ್ಟು ಹೋಗುತ್ತಿದ್ದರು. ಡಬ್ಬಿಯ ಒಳಗಿನದು ಕಸ. ಗೋಡೆಗೆ ಒರಗಿಸಿದ್ದು ಬೇಕಾದವರಿಗೆ. ಯಾರೂ ಬರೆದಿಟ್ಟ ಕಾನೂನಲ್ಲ, ಆದರೆ ಎಲ್ಲ ದೇಶದವರಿಗೂ ಗೊತ್ತಿತ್ತು. ಏಳು ಗಂಟೆಗೆ ಕಸದ ಗಾಡಿ ಬಂದು ಎಲ್ಲವನ್ನೂ ನುಂಗುವ ಮೊದಲು ನಾವು ಹೋಗಬೇಕು.

ಏನೇನು ಸಿಗುತ್ತಿತ್ತು ಅನ್ನುತ್ತೀರಿ! ಹಿಡಿಕೆ ಮುರಿದ ಕುಕ್ಕರು. ನಿಮ್ಮ ಅಜ್ಜ ಅದಕ್ಕೆ ಕಟ್ಟಿಗೆಯ ಹಿಡಿಕೆ ಕೂಡಿಸಿದರು, ನಾವು ಊರಿಗೆ ಬರುವವರೆಗೂ ಬೇಳೆ ಅದರಲ್ಲೇ ಬೆಂದಿತು. ಮೂಲೆ ಒಡೆದ ಕನ್ನಡಿ. ಒಂದು ಗ್ಲೋಬು. (ನಿಮ್ಮ ಅಪ್ಪ ಅದನ್ನು ತಿರುಗಿಸಿ ತಿರುಗಿಸಿ ಇಂಡಿ ಹುಡುಕುತ್ತಿದ್ದ. ಅಷ್ಟು ದೊಡ್ಡ ಭೂಮಿಯಲ್ಲಿ ನಮ್ಮೂರು ಇಲ್ಲ ಎಂದು ಅತ್ತಿದ್ದ.) ಕುರ್ಚಿ, ಪರದೆ, ಮಕ್ಕಳ ಬೂಟು. ರಾಬಿಯಾಗೆ ಒಮ್ಮೆ ಹೊಲಿಗೆ ಯಂತ್ರವೇ ಸಿಕ್ಕಿತ್ತು. ಸಿಕ್ಕಿದ್ದನ್ನು ಬಿಸಿನೀರು ಸುರಿದು ಎರಡು ದಿನ ಬಿಸಿಲಿಗೆ ಇಡಬೇಕು, ತಿಗಣೆ ಹೋಗಲಿಕ್ಕೆ. ಆಮೇಲೆ ಮನೆಯೊಳಗೆ.

ನನ್ನಂಥ ಅಂಜುಬುರುಕಿಗೆ ಅದಕ್ಕಿಂತ ಒಳ್ಳೆಯ ಅಂಗಡಿ ಇರಲಿಲ್ಲ. ಅಂಗಡಿಕಾರನ ಜೊತೆ ಮಾತಾಡಬೇಕಿಲ್ಲ, ರೇಟು ಕೇಳಬೇಕಿಲ್ಲ. ಇನ್ನೊಂದು ನಿಯಮವೂ ನನಗೆ ಹಿಡಿಸಿತ್ತು. ಎತ್ತಿಕೊಂಡದ್ದು ಯಾರದು ಎಂದು ಕೇಳಬಾರದು. ಕೇಳಿದರೆ ಇಟ್ಟವರಿಗೂ ನಾಚಿಕೆ, ಎತ್ತಿಕೊಂಡವರಿಗೂ ನಾಚಿಕೆ.

ಈ ನಿಯಮವೇ ನನ್ನ ಕೊರಳಿಗೆ ಬಂತು.

ನಿಮ್ಮ ಅಪ್ಪ ಹೊಟ್ಟೆಯಲ್ಲಿದ್ದಾಗ ಒಂದು ಶುಕ್ರವಾರ ಗೋಡೆಗೆ ಒರಗಿ ಒಂದು ತೊಟ್ಟಿಲು ನಿಂತಿತ್ತು. ಬಿಳಿ ಬಣ್ಣದ್ದು, ನುಣುಪಾದ ಕಂಬಿಗಳು. ಒಳಗಿನ ಹಾಸಿಗೆಯ ಮೇಲೆ ಒಗೆದ ಬಟ್ಟೆ ಹಾಸಿತ್ತು. ಒಂದು ಕಡೆಯ ಪಟ್ಟಿಯ ಮೇಲೆ ಸಣ್ಣ ಸಣ್ಣ ಹಲ್ಲಿನ ಗುರುತು.

"ಎಷ್ಟ್ ಮಕ್ಕಳು ಮಲಗಿದ್ದೋ ಏನೋ," ಅಂದೆ.

"ಯಾರನ್ನ ಕೇಳತಿ? ಡಬ್ಬಿನ ಕೇಳು," ಅಂದಳು ರಾಬಿಯಾ. "ಹಲ್ಲ ಬಂದ ಕೂಸು ಕಚ್ಚೇತಿ ಅಂದ್ರ ಬೆಳದೇತಿ ಅಂತ ತಿಳ್ಕೊ. ಹಿಡಿ ಆ ಕಡೆ."

ಕೂಸು ಹುಟ್ಟಿತು. ಹದಿಮೂರನೆಯ ದಿನ ತೊಟ್ಟಿಲಿಗೆ ಹಾಕಿದೆವು. ನಿಮಗೆ ಗೊತ್ತಲ್ಲ, ಕೂಸಿಗಿಂತ ಮೊದಲು ಗುಂಡಕಲ್ಲಿಗೆ ಕುಲಾಯಿ ತೊಡಿಸಿ ತೊಟ್ಟಿಲಿನಲ್ಲಿ ಮಲಗಿಸುತ್ತಾರೆ. ಏನಾದರೂ ಕೇಡು ಇದ್ದರೆ ಮೊದಲು ಕಲ್ಲಿಗೆ ತಾಗಲಿ, ಕಲ್ಲಿಗೆ ಏನಾಗುತ್ತದೆ ಎಂಬ ವಿಚಾರ ಇರಬೇಕು. ಮಸ್ಕತ್ತಿನಲ್ಲಿ ಗುಂಡಕಲ್ಲು ಎಲ್ಲಿ? ರಾಬಿಯಾ ಒಣಗಿದ ಹಳ್ಳದಿಂದ ಒಂದು ದುಂಡನೆಯ ಕಲ್ಲು ತಂದು ತೊಳೆದುಕೊಟ್ಟಳು. (ಈಗ ನಮ್ಮ ಹಿತ್ತಿಲ ಬಾಗಿಲಿಗೆ ಒಡ್ಡುತ್ತೀರಲ್ಲ, ಅದೇ ಕಲ್ಲು.)

ನಿಮ್ಮ ಅಪ್ಪನಿಗೆ ಮೂರು ತಿಂಗಳಾಗಿತ್ತು. ಒಂದು ಮಧ್ಯಾಹ್ನ ಮೇಲಿನ ಮನೆಗಳಿಗೆ ನೀರು ಬರುವುದು ನಿಂತಿತ್ತು. ನಾಲ್ಕನೇ ನಂಬರಿನ ಮನೆಯ ಹೆಂಗಸು ಬಕೆಟ್ಟು ಹಿಡಿದು ನೀರು ಕೇಳಲು ಬಂದಳು. ಶ್ರೀಲಂಕಾದವಳು. ಅವಳಿಗೂ ನನಗೂ ಹಿಂದಿ ಅಷ್ಟಕ್ಕಷ್ಟೆ. ನಾನು ಬಕೆಟ್ಟು ತುಂಬಿಸಲು ಒಳಗೆ ಹೋದೆ. ಹೊರಗೆ ಬರುವಾಗ ಅವಳು ತೊಟ್ಟಿಲಿನ ಮುಂದೆ ನಿಂತಿದ್ದಳು.

ಹಲ್ಲಿನ ಗುರುತಿನ ಮೇಲೆ ಬೆರಳು ಇಟ್ಟಿದ್ದಳು. ಒಂದು ಹೆಸರು ಹೇಳಿದಳು. ನನ್ನ ಕಡೆ ತಿರುಗಿ ಮತ್ತೊಮ್ಮೆ ಹೇಳಿದಳು, ನನಗೆ ಕೇಳಿಸಲಿ ಎಂಬಂತೆ. ನಾನು ಏನೂ ತಿಳಿಯದೆ ನಕ್ಕೆ. ಅವಳು ನೀರು ತುಂಬಿದ ಬಕೆಟ್ಟನ್ನು ಅಲ್ಲೇ ಬಿಟ್ಟು ಹೋದಳು.

ಸಂಜೆ ರಾಬಿಯಾ ಕೇಳಿಕೊಂಡು ಬಂದು ಹೇಳಿದಳು. ಎಂಟು ತಿಂಗಳ ಗಂಡುಕೂಸು. ಜ್ವರ. ಮೂರು ದಿನ. ಗಂಡ ತೊಟ್ಟಿಲನ್ನು ಇಳಿಸಿ ಗೋಡೆಗೆ ಒರಗಿಸಿದ್ದ.

ಆವತ್ತು ನಾನು ಏನು ಮಾಡಬೇಕಿತ್ತು? ಮೇಲೆ ಹೋಗಿ ಅವಳ ಪಕ್ಕ ಕುಳಿತುಕೊಳ್ಳಬೇಕಿತ್ತು. ಮಾತು ಬರದಿದ್ದರೆ ಕುಳಿತುಕೊಳ್ಳಲು ಮಾತು ಬೇಕೇ?

ನಾನು ಕೂಸನ್ನು ತೊಟ್ಟಿಲಿನಿಂದ ಎತ್ತಿ, ತಲೆಯಿಂದ ಕಾಲಿನವರೆಗೆ ತೊಳೆದು, ಉಪ್ಪು ಇಳಿಸಿ, ಚಾಪೆಯ ಮೇಲೆ ಮಲಗಿಸಿದೆ. ಮರುದಿನ ಅವಳು ಬಂದು ಬಾಗಿಲು ಬಡಿದಳು. ಬಾಗಿಲನ್ನು ಅರ್ಧ ತೆರೆದು ಬಕೆಟ್ಟನ್ನು ಕೊಟ್ಟೆ. ಅದರ ಮರುದಿನವೂ ಬಂದಳು. ತೆರೆಯಲಿಲ್ಲ. ಮೂರನೆಯ ದಿನವೂ ತೆರೆಯಲಿಲ್ಲ. ಬಾಗಿಲಿನ ಈ ಕಡೆ ಕೂಸಿನ ಬಾಯಿಗೆ ಎದೆ ಕೊಟ್ಟು, ಉಸಿರು ಹಿಡಿದು ನಿಂತಿದ್ದೆ. ಆ ಕಡೆ ಅವಳು ಎಷ್ಟು ಹೊತ್ತು ನಿಂತಿದ್ದಳೋ. ಅವಳಿಗೆ ಬೇಕಾಗಿದ್ದುದು ಏನು? ತೊಟ್ಟಿಲಿನಲ್ಲಿ ಒಂದು ಕೂಸು ಮಲಗಿದ್ದನ್ನು ನೋಡುವುದು. ಇರಬಹುದು. ನಾನು ಕೇಳಲಿಲ್ಲ.

ನಾಲ್ಕನೆಯ ದಿನ ನಸುಕಿನಲ್ಲಿ ಅಜ್ಜ ಕೆಲಸಕ್ಕೆ ಹೋದ ಮೇಲೆ ತೊಟ್ಟಿಲನ್ನು ಎಳೆದುಕೊಂಡು ಹೊರಟೆ. ರಾಬಿಯಾ ಬಾಗಿಲಿಗೆ ಅಡ್ಡ ನಿಂತಳು.

"ಬ್ಯಾಡ ಶಾಂತಕ್ಕಾ. ಆಕಿ ಖಿಡಕಿ ಆ ಕಡೆನ ಐತಿ. ಒಮ್ಮಿ ಒಗದದ್ದನ್ನ ಮತ್ತೊಮ್ಮಿ ಒಗದ್ರ ಆಕಿ ಹ್ಯಾಂಗ ನೋಡಬೇಕು?"

"ನನ್ನ ಕೂಸಿಗಿ ಏನರೆ ಆದ್ರ?"

"ಹಂಗಾರ ನಮ್ಮ ಮನ್ಯಾಗ ಇಡು. ರಾತ್ರಿ ನಮ್ಮವ್ರು ಬೇರೆ ಓಣಿಗಿ ಒಯ್ದು ಇಡತಾರ."

ನಾನು ಕೇಳಲಿಲ್ಲ. ಒಬ್ಬಳೇ ಎಳೆದುಕೊಂಡು ಹೋಗಿ ಅದೇ ಗೋಡೆಗೆ ಒರಗಿಸಿ ಬಂದೆ. ಏಳಕ್ಕೆ ಕಸದ ಗಾಡಿ ಬಂತು. ಪರದೆಯ ಸಂದಿಯಿಂದ ನೋಡಿದೆ. ಕಂಬಿಗಳು ಒಂದೊಂದಾಗಿ ಮುರಿದ ಸಪ್ಪಳ ನಮ್ಮ ಮನೆಯವರೆಗೆ ಬಂತು. ಕತ್ತು ಹೊರಗೆ ಚಾಚಿ ಮೇಲೆ ನೋಡಿದೆ. ಅವಳು ಕಿಟಕಿಯಲ್ಲಿ ನಿಂತಿದ್ದಳು. ಅಳಲಿಲ್ಲ. ಪರದೆ ಎಳೆದುಕೊಂಡಳು.

ಸಂಜೆ ಅಜ್ಜ ಖಾಲಿ ಜಾಗ ನೋಡಿದರು. ಹೇಳಿದೆ. ಒಂದೇ ಮಾತು ಕೇಳಿದರು. "ಆಕಿ ನೋಡಿದಳೇನು?"

ನೋಡಿದಳು ಎಂದು ಗೋಣು ಹಾಕಿದೆ. ಆ ರಾತ್ರಿ ಅವರು ಊಟ ಮಾಡಲಿಲ್ಲ.

ಮುಂದಿನ ವಾರಗಳಲ್ಲಿ ಅವರು ಕಂಪನಿಯ ಹಿಂದೆ ಒಗೆದಿದ್ದ ಕಟ್ಟಿಗೆಯ ಪೆಟ್ಟಿಗೆಗಳ, ಅಂದರೆ ಖೋಕೆಗಳ ಹಲಗೆಗಳನ್ನು ದಿನಕ್ಕೆ ಎರಡರಂತೆ ಹೊತ್ತು ತಂದರು. ಮೊಳೆ ಕಿತ್ತರು, ರಂದಾ ಹೊಡೆದರು. ನಮ್ಮ ತೊಟ್ಟಿಲು ಹುಟ್ಟಿದ್ದು ಹೀಗೆ. ನೀವಿಬ್ಬರೂ ಅದರ ಕೆಳಗೆ ಮಲಗಿ ಒಂದು ಚಿತ್ರ ನೋಡುತ್ತಿದ್ದಿರಲ್ಲ, ಗ್ಲಾಸಿನ ಚಿತ್ರ? ಒಡೆಯುವ ಸಾಮಾನು, ಸಾವಕಾಶ ಎತ್ತಿರಿ ಎಂದು ಖೋಕೆಗೆ ಹೊಡೆದ ಗುರುತು ಅದು. "ಎಲ್ಲಾ ಅಳಿಸಿದ್ರಿ, ಇದನ್ಯಾಕ ಬಿಟ್ರಿ?" ಎಂದು ಕೇಳಿದ್ದೆ. "ಇರಲಿ ಬಿಡು, ಖರೇನ ಐತಲ್ಲ," ಅಂದಿದ್ದರು.

ಅಷ್ಟರಲ್ಲಿ ನಾಲ್ಕನೇ ನಂಬರಿನವರು ದೇಶ ಬಿಟ್ಟು ಹೋದರು. ಹೋಗುವ ದಿನ ನಮ್ಮ ಬಾಗಿಲಿನ ಮುಂದೆ ಒಂದು ಚೀಲ ಇತ್ತು. ಒಗೆದು ಮಡಚಿದ ಕೂಸಿನ ಅಂಗಿಗಳು. ಗೋಡೆಗೆ ಒರಗಿಸಿರಲಿಲ್ಲ. ನಮ್ಮ ಬಾಗಿಲಿಗೇ ತಂದು ಇಟ್ಟಿದ್ದಳು. ನಾನು ಅದನ್ನು ಕಾಲಿನಿಂದ ಸರಿಸಿ ರಾಬಿಯಾಗೆ ಕೊಟ್ಟೆ. "ನೆಲಾ ಒರಸಾಕ ತಗೊ," ಅಂದೆ.

ರಾಬಿಯಾ ಅದರಿಂದ ನೆಲ ಒರೆಸಲಿಲ್ಲ. ಅದು ನನಗೆ ಗೊತ್ತಾದದ್ದು ನಾವೆಲ್ಲ ಊರು ಸೇರಿದ ಎಷ್ಟೋ ವರ್ಷಗಳ ಮೇಲೆ. ಆಲಮೇಲಕ್ಕೆ ಅವಳನ್ನು ನೋಡಲು ಹೋಗಿದ್ದೆ. ಮಾತಿನ ನಡುವೆ ಅಂದಳು, "ನಿನ್ನ ಮಕ್ಕಳಿಗಿ ಒಂದ್ ಕೌದಿ ಹೊಲಕೊಟ್ಟಿದ್ನೆಲ್ಲ, ನೀಲಿ ಅಂಚಿಂದು? ಅದರಾಗ ಆಕಿ ಕೂಸಿನ ಅಂಗಿ ಅದಾವ ನೋಡು. ನೀ ಅಂಜತಿ ಅಂತ ಹೇಳಿರಲಿಲ್ಲ."

ನಿಮ್ಮ ಅಪ್ಪ ಆ ಕೌದಿಯನ್ನು ಏಳು ವರ್ಷ ಹೊದ್ದಿದ್ದ. ಆಮೇಲೆ ನಿಮ್ಮ ಅತ್ತೆ. ಒಬ್ಬರಿಗೂ ಏನೂ ಆಗಲಿಲ್ಲ.

ಹಾಗಾದರೆ ನಾನು ಬಾಗಿಲು ಮುಚ್ಚಿದ್ದು ಯಾವುದರ ಮುಖಕ್ಕೆ? ಕೇಡಿನ ಮುಖಕ್ಕೋ, ಒಬ್ಬ ತಾಯಿಯ ಮುಖಕ್ಕೋ?

ಇನ್ನು ಹೋದ ವರ್ಷದ ಮಾತು. ಇದನ್ನು ನಿಮಗೆ ಯಾರೂ ಸರಿಯಾಗಿ ಹೇಳಲಿಲ್ಲ. ಆವತ್ತು ನಿಮ್ಮಿಬ್ಬರನ್ನೂ ಅತ್ತೆ ಬಂದು ಬಾಗೇವಾಡಿಗೆ ಕರೆದುಕೊಂಡು ಹೋದಳು. ತಿರುಗಿ ಬಂದಾಗ ತೊಟ್ಟಿಲು ಖಾಲಿ ಇತ್ತು. "ತಂಗಿ ದೇವರ ಹತ್ರ ಹೋಗ್ಯಾಳ," ಅಂದೆವು. ಸಾನ್ವಿ, ನೀನು ಏನೂ ಕೇಳಲಿಲ್ಲ. ನೀನು ನನ್ನ ಹಾಗೆ ಎಂದು ಆವತ್ತು ತಿಳಿಯಿತು, ಬಹಳ ಸಂಕಟವಾಯಿತು.

ನಿಮ್ಮ ತಂಗಿ ಹುಟ್ಟಿದಾಗ ಎಲ್ಲವನ್ನೂ ಆರಿಸಿ ಆರಿಸಿ ತಂದಿದ್ದೆವು. ಹೊಸ ಹಾಸಿಗೆ, ಹೊಸ ಕುಲಾಯಿ, ಹೊಸ ಕೌದಿ. ಮಕ್ಕಳು ಬೆಳೆದ ತೊಟ್ಟಿಲು. ಕಲ್ಲನ್ನು ಮೊದಲು ಮಲಗಿಸಿದ್ದೆವು. ಅತ್ತೆ ಕಿವಿಯಲ್ಲಿ ಹೆಸರು ಹೇಳಿದಳು, ಎಲ್ಲರೂ ಪದ್ಧತಿಯಂತೆ ಅವಳ ಬೆನ್ನಿಗೆ ಗುದ್ದಿ ನಕ್ಕರು. ನಿಮ್ಮ ತಂಗಿ ನಲವತ್ತೊಂದು ದಿನ ಇದ್ದಳು. ಜ್ವರ. ಮೂರು ದಿನ. ಡಾಕ್ಟರರು ತಮ್ಮ ಕೈಲಾದದ್ದನ್ನೆಲ್ಲ ಮಾಡಿದರು.

ಅದೇ ಮೂರು ದಿನ. ನಾನು ಯಾರಿಗೂ ಹೇಳಲಿಲ್ಲ, ಆದರೆ ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತಾಗ ಆ ಕಿಟಕಿ, ಆ ಪರದೆ ಕಣ್ಣ ಮುಂದೆ ಇದ್ದವು.

ಈಗ ಪಡಸಾಲೆಗೆ ಬನ್ನಿ. ಸಿಂದಗಿಯ ತಾಯಿ ಕೇಳಿದ್ದಾಳೆ. ನಾನು "ನಾಕು" ಅಂದಿದ್ದೇನೆ. ಐದು ಅಂದರೆ ಮುಂದೆ ಐದನೆಯವಳ ಸುದ್ದಿ ಹೇಳಬೇಕು. ಹೇಳಿದರೆ ಅವಳು ಒಯ್ಯುವುದಿಲ್ಲ. ಇನ್ನಾರೂ ಒಯ್ಯುವುದಿಲ್ಲ. ಒಂದು ಕೂಸು ಮಲಗುವ ಮನೆಗೆ ಹೋಗಲಿ ಎಂದು ನಿಮ್ಮ ಅವ್ವ ಕೇಳಿದ್ದಳಲ್ಲ? ಅದಕ್ಕಾಗಿ ಅಂದೆ. ಹಾಗೆಂದು ನನಗೆ ನಾನೇ ಹೇಳಿಕೊಂಡೆ.

ತಾಯಿ ಕಣ ತೆಗೆದಳು, ತೊಟ್ಟಿಲಿನಲ್ಲಿ ಹಾಸಲು ಬಗ್ಗಿದಳು.

"ಐದ್ರಿ."

ಒಳಬಾಗಿಲಿನ ಪರದೆಯ ಹತ್ತಿರ ನಿಮ್ಮ ಅವ್ವ ಚಹಾದ ಕಪ್ಪುಗಳ ತಟ್ಟೆ ಹಿಡಿದು ನಿಂತಿದ್ದಳು. ಎಷ್ಟು ಹೊತ್ತಿನಿಂದ ನಿಂತಿದ್ದಳೋ.

"ಯಕ್ಕಾರು ನಾಕು ಅಂದ್ರಲ್ಲ?" ತಾಯಿ ನನ್ನನ್ನೂ ಅವಳನ್ನೂ ನೋಡಿದಳು.

"ಅತ್ತಿಯವ್ರು ನನ್ನ ಸಲುವಾಗಿ ಹಂಗ ಅಂದಾರ್ರಿ. ಮಲಗಿದ್ದು ಐದು. ಐದನೇದು ನಲವತ್ತೊಂದ ದಿನಾ ಇತ್ತು. ಹೋದ ವರ್ಷ ಶ್ರಾವಣದಾಗ ಹೋತು."

ತಟ್ಟೆಯನ್ನು ತಂದು ತಾಯಿಯ ಮುಂದೆ ಇಟ್ಟಳು.

ತಾಯಿ ಬಗ್ಗಿದವಳು ಹಾಗೇ ನಿಂತಳು. ಆಮೇಲೆ ತೊಟ್ಟಿಲಿನ ಪಟ್ಟಿಯ ಮೇಲಿಂದ ಕೈ ತೆಗೆದಳು. ಕಣವನ್ನು ಮಡಚಿ ಚೀಲಕ್ಕೆ ಹಾಕಿದಳು. ಕೆಟ್ಟ ಹೆಂಗಸಲ್ಲ ಅವಳು, ಕಣ್ಣಲ್ಲಿ ನೀರು ಬಂದಿತ್ತು.

"ತಪ್ಪ ತಿಳ್ಕೋಬ್ಯಾಡ ನಮ್ಮವ್ವ. ನಿನ್ನ ಹೊಟ್ಟಿ ಉರಿ ನನಗ ತಿಳೀತೈತಿ. ಆದ್ರ ನಂದೂ ಮಗಳ ಪಾಳಿ ಐತಿ..."

"ತಪ್ಪೇನಿಲ್ರಿ. ಚಾ ಕುಡೀರಿ," ಅಂದಳು ನಿಮ್ಮ ಅವ್ವ.

"ಬಸ್ಸಿನ ಹೊತ್ತಾತು," ಅಂದಳು ತಾಯಿ.

ನಾನು ಅವಳನ್ನು ಬೈಯಲಾರೆ. ಪಟ್ಟಿಯ ಮೇಲಿಂದ ಹಾಗೆ ಸರಿದ ಆ ಕೈ ನನಗೆ ಬಹಳ ವರ್ಷಗಳಿಂದ ಪರಿಚಯ. ಅದು ನನ್ನದೇ ಕೈ.

ಇಬ್ಬರೂ ಹೊಸ್ತಿಲು ದಾಟಿದರು. ತಾಯಿ ಅಂಗಳಕ್ಕೆ ಇಳಿದಳು. ಮಗಳು ಒಂದು ಚಪ್ಪಲಿ ಮೆಟ್ಟಿದಳು, ಇನ್ನೊಂದನ್ನು ಮೆಟ್ಟದೆ ತಿರುಗಿ ನಿಂತಳು.

"ಏನ್ ಹೆಸರಿಟ್ಟಿದ್ರಿ ಅಕ್ಕಾ?"

ನಿಮ್ಮ ಅವ್ವನಿಗೆ ಮೊದಲು ತಿಳಿಯಲಿಲ್ಲ. ಈ ಒಂದು ವರ್ಷದಲ್ಲಿ ಎಷ್ಟು ಜನ ಬಂದರು, ಏನೇನು ಕೇಳಿದರು. ಏನಾಗಿತ್ತು, ಎಷ್ಟು ದಿನ, ಯಾವ ಆಸ್ಪತ್ರೆ, ಇನ್ನೊಂದು ಯಾವಾಗ. ಹೆಸರು ಕೇಳಿದವರು ಯಾರೂ ಇಲ್ಲ. ಮನೆಯಲ್ಲಿ ನಾವೂ ಆ ಹೆಸರು ಎತ್ತುವುದನ್ನು ಬಿಟ್ಟಿದ್ದೆವು. ಅವಳಿಗೆ ನೋವಾಗುತ್ತದೆ ಎಂದು. (ಅವಳನ್ನು ಕೇಳಿದ್ದೆವೇ? ಇಲ್ಲ.)

"ನಡಿ, ಬಸ್ ಹೋಗತೈತಿ," ಅಂಗಳದಿಂದ ತಾಯಿ ಕರೆದಳು.

ಮಗಳು ಅಲುಗಲಿಲ್ಲ.

"ಗಂಗಾ," ಅಂದಳು ನಿಮ್ಮ ಅವ್ವ.

"ಗಂಗಾ," ಅಂದಳು ಆ ಹುಡುಗಿ, ಹೆಸರನ್ನು ಕೈಗೆ ತೆಗೆದುಕೊಂಡವಳಂತೆ. ಆಮೇಲೆ ತನ್ನ ಹೊಟ್ಟೆಯ ಕಡೆ ನೋಡಿಕೊಂಡು ಅಂದಳು, "ನಂದೂ ಮದಲಿಂದು ಉಳೀಲಿಲ್ಲಕ್ಕಾ. ಹೊಟ್ಟ್ಯಾಗ ಏಳ ತಿಂಗಳಿದ್ದಾಗನ ಹೋತು. ಹೆಸರ ಇಡೂದ ಬ್ಯಾಡ ಅಂದ್ರು ಎಲ್ಲಾರೂ."

ಅಂಗಳದಲ್ಲಿ ತಾಯಿ ಮುಖ ತಿರುಗಿಸಿ ರಸ್ತೆ ನೋಡುತ್ತಿದ್ದಳು. ಆಗ ನನಗೆ ತಿಳಿಯಿತು, ಅವಳು ಯಾಕೆ ಅಷ್ಟು ಅಂಜಿದಳು ಎಂದು. ಬಂದ ಕೂಡಲೇ "ನೆಟ್ಟಗ ಹಡಿ" ಅಂದಿದ್ದು ಬರೀ ಚೇಷ್ಟೆಗಲ್ಲ.

ಅವರು ಹೋದರು. ನಾಲ್ಕು ಕಪ್ಪು ಚಹಾ ಆರಿಹೋಯಿತು. ಮಧ್ಯಾಹ್ನ ನಿಮ್ಮ ಅವ್ವ ಪಾನಾ ತಂದು ತೊಟ್ಟಿಲಿನ ಬೋಲ್ಟುಗಳನ್ನು ಬಿಚ್ಚತೊಡಗಿದಳು. ನಾನು ಹೋಗಿ ಹಿಡಿದೆ. ಇಬ್ಬರೂ ಸೇರಿ ಹಲಗೆಗಳನ್ನು ಒಂದೊಂದಾಗಿ ಅಟ್ಟಕ್ಕೆ ಏರಿಸಿದೆವು. ಗ್ಲಾಸಿನ ಚಿತ್ರದ ಹಲಗೆ ಕೊನೆಗೆ. ಖಾಲಿ ಇಡಬಾರದಲ್ಲ, ಒಂದು ಅರಿವೆಯಲ್ಲಿ ಹಿಡಿ ಜೋಳ ಕಟ್ಟಿ ಅವಳೇ ಅದರ ಮೇಲೆ ಇಟ್ಟಳು.

ಇಳಿದು ಬಂದು ಕೈ ಒರೆಸಿಕೊಳ್ಳುತ್ತ ಅಂದಳು, "ಇನ್ನ ಮ್ಯಾಲ ನಾಕು ಅನಬ್ಯಾಡ್ರಿ ಅತ್ತಿ."

"ಇಲ್ಲವ್ವಾ," ಅಂದೆ.

ಎರಡು ದಿನ ಬಿಟ್ಟು ಕೇಳಿದೆ, "ಮಕ್ಕಳಿಗಿ ಬರೀಲೇನು ಇದನ್ನ?"

"ಬರೀರಿ. ಹೆಸರೂ ಬರೀರಿ."

ಅದಕ್ಕೆ ಬರೆದಿದ್ದೇನೆ. ಆಸ್ಪತ್ರೆಯ ಕಾಗದದಲ್ಲಿ "ಸುಜಾತಾ ಅವರ ಹೆಣ್ಣು ಮಗು" ಎಂದಷ್ಟೇ ಇದೆ. ರೇಷನ್ ಕಾರ್ಡಿಗೆ ಸೇರಿಸುವಷ್ಟು ದಿನ ಅವಳು ಇರಲಿಲ್ಲ. ಗಂಗಾ. ಕೃಷ್ಣೆಯ ದಂಡೆಯಲ್ಲಿ ಹುಟ್ಟಿದ ನನ್ನ ಅವ್ವನ ಹೆಸರು ಗಂಗವ್ವ, ಅದನ್ನೇ ಸಣ್ಣದು ಮಾಡಿ ಇಟ್ಟಿದ್ದೆವು. ಅತ್ತೆ ಕಿವಿಯಲ್ಲಿ ಹೇಳಿದ್ದಷ್ಟೇ, ಆ ಹೆಸರು ಯಾವ ಕಾಗದದ ಮೇಲೂ ಇರಲಿಲ್ಲ. ಈಗ ಇದೆ.

ಸಾನ್ವಿ, ಶ್ರೀಶೈಲ, ಪತ್ರಿಕೆ ನಾಳೆ ಭಜಿ ಕಟ್ಟಲು ಹೋಗುತ್ತದೆ. ಅದಕ್ಕೆ ನನ್ನ ಕೈಯಿಂದಲೇ ಇನ್ನೊಂದು ಪ್ರತಿ ಬರೆದು ನಿಮ್ಮ ಪುಸ್ತಕದ ಕಪಾಟಿನಲ್ಲಿ ಇಟ್ಟಿದ್ದೇನೆ. ಮುಂದೆ ಯಾರಾದರೂ ನೀವು ಒಡಹುಟ್ಟಿದವರು ಎಷ್ಟು ಮಂದಿ ಎಂದು ಕೇಳಿದರೆ, ನನ್ನ ಹಾಗೆ ಒಂದು ಕಡಿಮೆ ಹೇಳಬೇಡಿ. ಈ ಹಾಳೆಗಳನ್ನು ಜೋಪಾನವಾಗಿಡಿ. ಮಸ್ಕತ್ತಿನ ಆ ಕೂಸಿನ ಹೆಸರನ್ನು ಅದರ ತಾಯಿ ನನಗೆ ಎರಡು ಸಲ ಹೇಳಿದಳು, ನಾನು ಬರೆದಿಟ್ಟುಕೊಳ್ಳಲಿಲ್ಲ.